ನೆರೆಮನೆಯ ಜಗಲಿಯಲ್ಲಿ ಒಂದು ಇಂಗ್ಲಿಷ್ ಪ್ರಶ್ನೆ

(ವಯನಾಡು ಜಿಲ್ಲೆಯಲ್ಲಿ ಬೇಸಿಗೆ ರಜೆಯ ಸಮಯದಲ್ಲಿ ಸೇರಿದ್ದ ಕನ್ನಡ ಮಾಧ್ಯಮ ವಿದ್ಯಾರ್ಥಿಗಳ ತಂದೆತಾಯಂದಿರ ಕೂಟದಲ್ಲಿ, ಕಾಸರಗೋಡು ಜಿಲ್ಲೆಯ ನಿವೃತ್ತ ಇಂಗ್ಲಿಷ್ ಅಧ್ಯಾಪಕರೊಬ್ಬರು ಮಾಡಿದ ಭಾಷಣದ ಬರಹರೂಪ.)



ಈ ಸಭೆಗೆ ಬರುವಾಗ ನಿಮ್ಮಲ್ಲಿ ಒಬ್ಬರು ನನ್ನ ಜೊತೆಯಲ್ಲೇ ನಡೆದು ಬಂದರು. ಅವರ ಮಗಳು ಗುಂಡ್ಲುಪೇಟೆಯ ಕಡೆ ಅಜ್ಜಿಯ ಮನೆಯಲ್ಲಿದ್ದುಕೊಂಡು ಕನ್ನಡ ಮಾಧ್ಯಮದಲ್ಲಿ ಆರನೆಯ ತರಗತಿ ಮುಗಿಸಿದ್ದಾಳೆ. "ಮೇಷ್ಟ್ರೇ, ಲೆಕ್ಕದಲ್ಲಿ ಚುರುಕು. ಪಾಠ ಓದಿ ಅರ್ಥ ಹೇಳುತ್ತಾಳೆ. ಆದರೆ ಯಾರಾದರೂ ಇಂಗ್ಲಿಷಿನಲ್ಲಿ ಮಾತಾಡಿಸಿದರೆ ನನ್ನ ಬೆನ್ನ ಹಿಂದೆ ಹೋಗಿ ನಿಲ್ಲುತ್ತಾಳೆ. ಬರುವ ಜೂನ್‌ಗೆ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿಬಿಡಲೇ?" ಎಂದು ಕೇಳಿದರು. ದಾರಿಯಲ್ಲಿ ನಾನು ಉತ್ತರ ಹೇಳಲಿಲ್ಲ. ಈ ಪ್ರಶ್ನೆ ಅವರೊಬ್ಬರದೇ ಅಲ್ಲವೆಂದು ನನಗೆ ಗೊತ್ತು. ಇಂದಿನ ನನ್ನ ಮಾತೆಲ್ಲ ಆ ಒಂದು ಪ್ರಶ್ನೆಗೆ ಉತ್ತರವೆಂದು ತಾವು ತಿಳಿಯಬೇಕು.

ಮೊದಲನೆಯದಾಗಿ, ಆಯ್ಕೆ ನಿಮ್ಮದು. ಮಗು ಯಾವ ಮಾಧ್ಯಮದಲ್ಲಿ ಕಲಿಯಬೇಕೆಂಬುದನ್ನು ಸರಕಾರ ಹೇರುವಂತಿಲ್ಲ, ಅದನ್ನು ತಂದೆತಾಯಂದಿರು ತೀರ್ಮಾನಿಸಬೇಕು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2014ರ ಮೇ 6ರಂದು ಕರ್ನಾಟಕದ ಪ್ರಕರಣದಲ್ಲೇ ತೀರ್ಪು ಕೊಟ್ಟಿತು. ಇನ್ನೊಂದು ಕಡೆ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಕರ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಪ್ರಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಈ ವಿಧಿ ಸಂವಿಧಾನಕ್ಕೆ ಸೇರಿದ್ದು 1956ರಲ್ಲಿ, ಭಾಷಾವಾರು ಗಡಿಗಳು ಬಂದ ವರ್ಷವೇ. ಅಂದರೆ ಸೌಕರ್ಯ ಕೇಳುವ ಬಲವೂ ನಮ್ಮಲ್ಲಿದೆ, ಬಿಟ್ಟುಬಿಡುವ ಸ್ವಾತಂತ್ರ್ಯವೂ ನಮ್ಮಲ್ಲಿದೆ. ಎರಡೂ ಒಂದೇ ಕೈಯಲ್ಲಿರುವಾಗ ಎಚ್ಚರ ಹೆಚ್ಚು ಬೇಕು.

ಯಾಕೆ ಎಚ್ಚರ ಎನ್ನುತ್ತೇನೆ? ಕೇರಳದಲ್ಲಿ ಶಾಲೆ ತೆರೆದು ಆರನೆಯ ಕೆಲಸದ ದಿನ ಮಕ್ಕಳ ತಲೆ ಎಣಿಸುತ್ತಾರೆ. ಅಧ್ಯಾಪಕರ ಹುದ್ದೆಗಳು ಆ ಲೆಕ್ಕದ ಮೇಲೆ ನಿಲ್ಲುತ್ತವೆ. ಕನ್ನಡ ವಿಭಾಗದಿಂದ ಈ ವರ್ಷ ನಾಲ್ಕು, ಮುಂದಿನ ವರ್ಷ ಐದು ಮಕ್ಕಳು ಹೋದರೆ, ಉಳಿದ ಮಕ್ಕಳ ತರಗತಿಯೇ ಅಲುಗಾಡುತ್ತದೆ. ಮಾತಾಡಲು ಬರುವುದಿಲ್ಲವೆಂಬ ಒಂದು ಸಂಕೋಚವನ್ನು ತೆಗೆಯಲು ನಾವು ಇಡೀ ಶಾಲೆಯನ್ನು ಬಿಡಬೇಕೇ? ಆ ಸಂಕೋಚವನ್ನು ನೆರೆಮನೆಯ ಜಗಲಿಯಲ್ಲಿ, ಈ ರಜೆಯಲ್ಲೇ ತೆಗೆಯಬಹುದೆಂದು ಹೇಳಲು ನಾನು ಇಲ್ಲಿಗೆ ಬಂದಿದ್ದೇನೆ.

ನನ್ನ ಅನುಭವದ ಒಂದು ಘಟನೆ ಹೇಳುತ್ತೇನೆ. ನನ್ನ ಶಿಷ್ಯೆಯೊಬ್ಬಳ ಪಕ್ಕದ ಮನೆಗೆ ದೂರದ ಊರಿನಿಂದ ಬ್ಯಾಂಕಿನ ಅಧಿಕಾರಿಯ ಕುಟುಂಬ ಬಂತು. ಅವರಿಗೆ ಕನ್ನಡವೂ ಇಲ್ಲ, ಮಲಯಾಳವೂ ಇಲ್ಲ. ಒಂದು ಸಂಜೆ ಹುಡುಗಿಯ ಮನೆಯ ಫೋನ್ ಕೆಟ್ಟಿತ್ತು. ತಾಯಿ ಅವಳನ್ನು ಪಕ್ಕದ ಮನೆಗೆ ಕಳುಹಿಸಿದರು. ಅವಳು ಧೈರ್ಯ ಮಾಡಿ, ಬಾಗಿಲಲ್ಲಿ ನಿಂತು "ಗಿವ್ ಫೋನ್" ಎಂದಳು. ಆ ಮನೆಯಾಕೆ ಫೋನ್ ಕೊಟ್ಟರು, ಆದರೆ ಮುಖ ಗಂಟಿಕ್ಕಿತ್ತು. ಹುಡುಗಿಗೆ ತಪ್ಪೇನೆಂದು ತಿಳಿಯಲಿಲ್ಲ. ಮತ್ತೆ ಆ ಮನೆಗೆ ಹೋಗಲಿಲ್ಲ, ಇಂಗ್ಲಿಷೂ ಮಾತಾಡಲಿಲ್ಲ.

ಈಗ ಯೋಚಿಸಿ. ಆ ಹುಡುಗಿ ಮನಸ್ಸಿನಲ್ಲಿ ಹೇಳಿಕೊಂಡದ್ದು "ಫೋನ್ ಕೊಡಿ" ಎಂದು. ಅದರಲ್ಲಿ ಒರಟುತನವೇನೂ ಇಲ್ಲ. "ಕೊಡು" ಎನ್ನದೆ "ಕೊಡಿ" ಎಂದಳಲ್ಲ, ಆ ಒಂದು ಗುಡಿಸಿನಲ್ಲಿ ಮರ್ಯಾದೆ ಇತ್ತು. ಅದನ್ನು ಇಂಗ್ಲಿಷಿಗೆ ದಾಟಿಸುವಾಗ ಗುಡಿಸು ಈ ದಡದಲ್ಲೇ ಉಳಿಯಿತು. "ಗಿವ್" ಎಂಬ ಮಾತಿಗೆ "ಕೊಡು" ಎಂದೂ ಅರ್ಥ, "ಕೊಡಿ" ಎಂದೂ ಅರ್ಥ. ಮಗುವಿನಲ್ಲಿ ವಿನಯ ಇತ್ತು, ಅದನ್ನು ಇಂಗ್ಲಿಷಿನಲ್ಲಿ ಎಲ್ಲಿ ಇಡಬೇಕೆಂದು ಯಾರೂ ತೋರಿಸಿರಲಿಲ್ಲ.

ಹಾಗಾದರೆ ಇಂಗ್ಲಿಷಿನವರು ಮರ್ಯಾದೆಯನ್ನು ಎಲ್ಲಿ ಇಡುತ್ತಾರೆ? ಅವರಲ್ಲಿಯೂ ಹಿಂದೆ ನೀನು, ನೀವು ಎಂದು ಎರಡಿದ್ದವು. ನೀನು ಎನ್ನಲು "ದೌ", ನೀವು ಎನ್ನಲು "ಯು" ಎಂಬಂತೆ. ಕಾಲ ಕಳೆದಂತೆ ಆ "ದೌ" ಸಾಮಾನ್ಯ ಮಾತಿನಿಂದ ಮರೆಯಾಗಿ, ಈಗ ಮಗುವಿಗೂ ಮಂತ್ರಿಗೂ ಒಂದೇ "ಯು". ಎಲ್ಲರಿಗೂ ನೀವು ಎಂದ ಮೇಲೆ ಅದರಲ್ಲಿ ವಿಶೇಷ ಗೌರವ ಉಳಿಯುವುದು ಹೇಗೆ? ಅದಕ್ಕೆ ಅವರು ಗೌರವವನ್ನು ಪ್ರಶ್ನೆಯ ಮೊದಲ ಪದದಲ್ಲಿ ತೋರಿಸುತ್ತಾರೆ. "ಕುಡ್ ಯು", "ವುಡ್ ಯು", "ಮೇ ಐ" ಎಂದು ಆರಂಭಿಸುತ್ತಾರೆ. ಜೊತೆಗೆ "ಪ್ಲೀಸ್" ಇಡುತ್ತಾರೆ. ನಮ್ಮ ಮರ್ಯಾದೆ ವಾಕ್ಯದ ಬಾಲದಲ್ಲಿದೆ, ಅವರದು ತಲೆಯಲ್ಲಿದೆ. ಇಷ್ಟನ್ನು ಮಗುವಿಗೆ ಹೇಳಿದರೆ ಅರ್ಧ ಕೆಲಸ ಆಯಿತು.

ಉಳಿದ ಅರ್ಧಕ್ಕೆ ನಮ್ಮ ಮನೆಯ ಕನ್ನಡವೇ ದಾರಿ ತೋರಿಸುತ್ತದೆ. ಮೂರು ಉದಾಹರಣೆ ಕೊಡುತ್ತೇನೆ.

ಒಂದು: "ಕುಡ್" ಎಂಬುದು "ಕ್ಯಾನ್" ಎಂಬುದರ ಭೂತಕಾಲದ ರೂಪ. ಈಗ ಬೇಕಾದ್ದನ್ನು ಕೇಳಲು ಹಿಂದಿನ ಕಾಲದ ಮಾತೇಕೆ ಎಂದು ಮಕ್ಕಳು ಗಾಬರಿಯಾಗುತ್ತಾರೆ. ನೀವು ಅಂಗಡಿಗೆ ಹೋಗಿ ಏನು ಹೇಳುತ್ತೀರಿ? "ಅರ್ಧ ಕೆ.ಜಿ. ಬೆಲ್ಲ ಬೇಕಿತ್ತು." ದೊಡ್ಡವರ ಹತ್ತಿರ ಹೋಗಿ, "ತಮ್ಮಲ್ಲಿ ಒಂದು ಮಾತು ಕೇಳಬೇಕಿತ್ತು." ಬೆಲ್ಲ ಬೇಕಾದ್ದು ಈಗ, ಮಾತು ಕೇಳುವುದೂ ಈಗ. ಆದರೂ "ಇತ್ತು" ಎನ್ನುತ್ತೀರಿ. ಒತ್ತಾಯ ಕಡಿಮೆಯಾಗಲಿ, ಎದುರಿನವರಿಗೆ ಇಲ್ಲ ಎನ್ನಲು ಜಾಗ ಇರಲಿ ಎಂದು ಮಾತನ್ನು ಒಂದು ಹೆಜ್ಜೆ ಹಿಂದಕ್ಕೆ ಇಡುತ್ತೀರಿ. "ಕುಡ್ ಯು" ಮಾಡುವುದೂ ಅದೇ ಕೆಲಸ.

ಎರಡು: "ಬಸ್ಸು ಎಷ್ಟು ಗಂಟೆಗೆ?" ಎಂದು ನೇರವಾಗಿ ಕೇಳುವುದು ಒಂದು. "ಬಸ್ಸು ಎಷ್ಟು ಗಂಟೆಗೆ ಅಂತ ಗೊತ್ತುಂಟಾ?" ಎಂದು ಕೇಳುವುದು ಇನ್ನೊಂದು. ಎರಡನೆಯದರಲ್ಲಿ ಎದುರಿನವರಿಗೆ ಗೊತ್ತಿಲ್ಲದಿದ್ದರೂ ಮುಜುಗರವಿಲ್ಲ. ಇಂಗ್ಲಿಷಿನಲ್ಲಿ ಅದು "ಡು ಯು ನೋ ವಾಟ್ ಟೈಮ್ ದಿ ಬಸ್ ಕಮ್ಸ್?" ಎಂದಾಗುತ್ತದೆ. ಇಲ್ಲಿ ಒಂದು ಎಚ್ಚರಿಕೆ. ಬರೀ ಪ್ರಶ್ನೆಯಾದರೆ "ವೇರ್ ಈಸ್ ದಿ ಪೋಸ್ಟ್ ಆಫೀಸ್?" ಎಂದು "ಈಸ್" ಮುಂದೆ ಬರುತ್ತದೆ. "ಕುಡ್ ಯು ಟೆಲ್ ಮಿ" ಎಂದು ಆರಂಭಿಸಿದರೆ "ಕುಡ್ ಯು ಟೆಲ್ ಮಿ ವೇರ್ ದಿ ಪೋಸ್ಟ್ ಆಫೀಸ್ ಈಸ್?" ಎಂದು "ಈಸ್" ಕೊನೆಗೆ ಹೋಗುತ್ತದೆ. ಮಕ್ಕಳು ಹೆಚ್ಚು ತಪ್ಪುವುದು ಇಲ್ಲಿಯೇ. ತಪ್ಪಿದರೂ ಅರ್ಥ ಕೆಡುವುದಿಲ್ಲ. ಮರುದಿನ ತಿದ್ದಿದರೆ ಸಾಕು.

ಮೂರು: "ಇಲ್ಲಿ ಕುಳಿತರೆ ತಮಗೆ ತೊಂದರೆಯೇ?" ಎಂದು ಕೇಳಿದಾಗ, ಒಪ್ಪಿಗೆ ಇರುವವರು "ಇಲ್ಲ ಇಲ್ಲ, ಕೂತ್ಕೊಳ್ಳಿ" ಎನ್ನುತ್ತಾರೆ. ಇಲ್ಲ ಎಂದರೆ ಇಲ್ಲಿ ಒಪ್ಪಿಗೆ. "ವುಡ್ ಯು ಮೈಂಡ್ ಇಫ್ ಐ ಸಿಟ್ ಹಿಯರ್?" ಎಂಬ ಪ್ರಶ್ನೆಗೂ "ನೋ, ನಾಟ್ ಅಟ್ ಆಲ್" ಎಂಬುದೇ ಒಪ್ಪಿಗೆಯ ಉತ್ತರ. ಪದವಿ ಓದಿದವರೂ "ಯೆಸ್" ಎಂದು ಎಡವುವ ಜಾಗ ಇದು. ಮನೆಮಾತನ್ನು ನೆನೆದುಕೊಳ್ಳುವ ಮಗು ಎಡವುವುದಿಲ್ಲ.

ಇದು ಕನ್ನಡಕ್ಕೆ ಮಾತ್ರ ಸೇರಿದ ಗುಣವೆಂದು ಬೀಗಬೇಕಾಗಿಲ್ಲ. ವಿನಯದ ಮಾತುಗಾರಿಕೆಯ ಬಗ್ಗೆ ಜಗತ್ತಿನಲ್ಲೆಲ್ಲ ಹೆಸರಾದ ಬ್ರೌನ್ ಮತ್ತು ಲೆವಿನ್‌ಸನ್ ಎಂಬ ವಿದ್ವಾಂಸರ ಅಧ್ಯಯನ 1978ರಲ್ಲಿ ಬಂತು. ಅವರು ಮುಖ್ಯವಾಗಿ ಹೋಲಿಸಿದ ಮೂರು ಭಾಷೆಗಳಲ್ಲಿ ಇಂಗ್ಲಿಷ್ ಒಂದು, ಮೆಕ್ಸಿಕೋ ದೇಶದ ಆದಿವಾಸಿಗಳ ಟ್ಸೆಲ್ಟಾಲ್ ಒಂದು, ನಮ್ಮ ನೆರೆಯ ತಮಿಳು ಇನ್ನೊಂದು. ಇಷ್ಟು ದೂರದೂರದ ಭಾಷೆಗಳಲ್ಲೂ ಜನ ವಿನಯ ತೋರಿಸುವ ಉಪಾಯಗಳು ಒಂದನ್ನೊಂದು ಹೋಲುತ್ತವೆಂದು ಅವರು ತೋರಿಸಿದರು. ಅಂದಮೇಲೆ, ಒಂದು ಭಾಷೆಯಲ್ಲಿ ವಿನಯವನ್ನು ಚೆನ್ನಾಗಿ ಕಲಿತ ಮಗು ಇನ್ನೊಂದು ಭಾಷೆಯಲ್ಲಿ ಸೊನ್ನೆಯಿಂದ ಆರಂಭಿಸಬೇಕಾಗಿಲ್ಲ.

ಆದರೆ ಎಲ್ಲವನ್ನೂ ಹಾಗೆಯೇ ದಾಟಿಸಲಾಗದು. "ಊಟ ಆಯ್ತಾ?" ಎಂಬುದು ನಮಗೆ ನಮಸ್ಕಾರವಿದ್ದಂತೆ. ಇಂಗ್ಲಿಷಿನಲ್ಲಿ ಕೇಳಿದರೆ ಊಟಕ್ಕೆ ಕರೆಯುತ್ತಿದ್ದೀರೆಂದು ತಿಳಿಯುವವರೂ ಇದ್ದಾರೆ. ಹೊರಟವರನ್ನು "ವೇರ್ ಆರ್ ಯು ಗೋಯಿಂಗ್?" ಎಂದರೆ ವಿಚಾರಣೆಯಂತೆ ಕೇಳಿಸುತ್ತದೆ. ನಮ್ಮ ಹಿರಿಯರೂ ಹೊರಟವರನ್ನು "ಎಲ್ಲಿಗೆ?" ಎಂದು ಕೇಳಬಾರದೆಂದು ಹೇಳಿ, "ದೂರ ಹೊರಟಿರಾ?" ಎಂದು ಕೇಳಲು ಕಲಿಸಿದ್ದರಲ್ಲವೇ? ಇಂಗ್ಲಿಷಿನಲ್ಲಿ ಅಲ್ಲಿಗೆ "ಗುಡ್ ಮಾರ್ನಿಂಗ್, ಹೌ ಆರ್ ಯು?" ಸಾಕು.

ಇನ್ನು ನೆರೆಯವರ ವಿಷಯ. ನೆರೆಯವರು ಮಲಯಾಳಿಗಳು, ಅವರೊಡನೆ ಇಂಗ್ಲಿಷೇಕೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ದಿನದ ಮಾತು ಮಲಯಾಳದಲ್ಲೇ ನಡೆಯಲಿ. ಈ ಮಣ್ಣಿನಲ್ಲಿ ಎರಡು ಭಾಷೆಗಳೂ ಬಹುಕಾಲದಿಂದ ಜೊತೆಗಿವೆ. ಸುಲ್ತಾನ್ ಬತ್ತೇರಿಗೆ ಹಿಂದೆ ಹನ್ನೆರಡು ಬೀದಿ ಎಂಬ ಹೆಸರಿತ್ತು. ಕಲ್ಪೆಟ್ಟದ ಕಡೆಯ ಜೈನ ಮನೆತನಗಳು ಇಂದೂ ಗೌಡರ್ ಎಂಬ ಹೆಸರನ್ನು ಉಳಿಸಿಕೊಂಡಿವೆ. ಮಲಯಾಳದ ದೊಡ್ಡ ಬರಹಗಾರರಲ್ಲಿ ಒಬ್ಬರಾಗಿದ್ದ ಎಂ.ಪಿ. ವೀರೇಂದ್ರಕುಮಾರ್ (1936-2020) ಅಂಥ ಮನೆತನದವರೇ. ನೆರೆಯವರ ಭಾಷೆ ಕಲಿಯುವುದು ನಮಗೆ ಹೊಸದಲ್ಲ, ಅದನ್ನು ಬಿಡಬಾರದು.

ನಾನು ಹೇಳುವುದು ದಿನಕ್ಕೆ ಹತ್ತು ನಿಮಿಷದ ಅಭ್ಯಾಸ. ನಿಮ್ಮ ಮಗುವಿಗೆ ಇಂಗ್ಲಿಷ್ ಮನೆಮಾತಲ್ಲ, ನೆರೆಮನೆಯ ಮಲಯಾಳಿ ಮಗುವಿಗೂ ಅಲ್ಲ. ಇಬ್ಬರೂ ಒಂದೇ ಮೆಟ್ಟಿಲಲ್ಲಿ ನಿಂತಿದ್ದಾರೆ. ಒಬ್ಬರನ್ನು ನೋಡಿ ಇನ್ನೊಬ್ಬರು ನಾಚಬೇಕಾಗಿಲ್ಲ. ಶಾಲೆಯಲ್ಲಿ ಕಲಿತದ್ದು ಪುಸ್ತಕದಲ್ಲಿ ಉಳಿಯುವುದು ಬಳಕೆ ಇಲ್ಲದ್ದರಿಂದ. ಕೇರಳದ ಕನ್ನಡ ಮಾಧ್ಯಮದಲ್ಲೂ ಮಕ್ಕಳು ಚಿಕ್ಕ ತರಗತಿಯಿಂದ ಇಂಗ್ಲಿಷ್ ಕಲಿಯುತ್ತಾರೆ. ಕರ್ನಾಟಕದಲ್ಲಿ 2007-08ರಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷ್ ಒಂದು ವಿಷಯವಾಗಿದೆ. ಪದಗಳು ಮಗುವಿನ ತಲೆಯಲ್ಲಿವೆ, ನಾಲಗೆಗೆ ಬರಲು ಒಂದು ಸಂದರ್ಭ ಬೇಕು.

ಅಭ್ಯಾಸ ಹೀಗೆ ನಡೆಯಲಿ. ಮೊದಲು ನೆರೆಮನೆಯವರ ಒಪ್ಪಿಗೆ ಪಡೆಯಿರಿ. ಅವರಿಗೆ ಪುರುಸೊತ್ತಿರುವ ಹೊತ್ತನ್ನು ಆರಿಸಿ. ಕೇಳುವ ವಸ್ತು ನಿಜವಾಗಿಯೂ ಬೇಕಾದದ್ದಾಗಿರಲಿ. ಕರಿಬೇವು, ಏಣಿ, ಪತ್ರಿಕೆ, ಬಸ್ಸಿನ ವೇಳೆ, ಯಾವುದಾದರೂ ಆದೀತು. ಮಗು ಮೊದಲು ಆ ಮಾತನ್ನು ಮನೆಯಲ್ಲಿ ಕನ್ನಡದಲ್ಲಿ ಹೇಳಲಿ. ಆಮೇಲೆ ಅದೇ ಮಾತನ್ನು ಇಂಗ್ಲಿಷಿನಲ್ಲಿ ಒಮ್ಮೆ ಹೇಳಿ ನೋಡಲಿ. ನಂತರ ಹೋಗಿ ಕೇಳಲಿ. ಹೀಗಿರಬಹುದು:

"ಗುಡ್ ಈವ್ನಿಂಗ್, ಚೇಚಿ. ಆರ್ ಯು ಬಿಸಿ?"

"ನೋ, ಕಮ್ ಇನ್."

"ಕುಡ್ ಯು ಪ್ಲೀಸ್ ಗಿವ್ ಮಿ ಸಮ್ ಕರಿ ಲೀವ್ಸ್?"

"ಆಫ್ ಕೋರ್ಸ್. ಹೌ ಮೆನಿ ಡು ಯು ನೀಡ್?"

"ಜಸ್ಟ್ ಎ ಫ್ಯೂ. ಥ್ಯಾಂಕ್ ಯು, ಚೇಚಿ. ಅಮ್ಮ ಈಸ್ ಮೇಕಿಂಗ್ ಸಾರು. ವುಡ್ ಯು ಲೈಕ್ ಸಮ್?"

ಇದರಲ್ಲಿ "ಚೇಚಿ" ಎಂಬ ಮಾತು ಹಾಗೆಯೇ ಉಳಿದಿದೆ, "ಸಾರು" ಎಂಬ ಮಾತೂ ಉಳಿದಿದೆ ನೋಡಿ. ಇಂಗ್ಲಿಷ್ ಮಾತಾಡುವಾಗ ಇದ್ದಕ್ಕಿದ್ದಂತೆ ಚೇಚಿಯನ್ನು ಆಂಟಿ ಮಾಡಬೇಕಾಗಿಲ್ಲ. ಮರುದಿನ ಪಾತ್ರಗಳು ಬದಲಾಗಲಿ, ನೆರೆಮನೆಯ ಮಗು ನಿಮ್ಮ ಮನೆಗೆ ಬಂದು ಕೇಳಲಿ. ನಿಮ್ಮ ಮಗು ಉತ್ತರ ಹೇಳಲು ಕಲಿಯಲಿ. ಇಲ್ಲ ಎನ್ನಬೇಕಾಗಿ ಬಂದಾಗ "ಸಾರಿ, ವಿ ಆರ್ ಯೂಸಿಂಗ್ ದಿ ಲ್ಯಾಡರ್ ನೌ. ಕುಡ್ ಯು ಕಮ್ ಟುಮಾರೋ?" ಎಂದು ನಯವಾಗಿ ಹೇಳುವುದನ್ನೂ ಕಲಿಯಬೇಕು. ಹೋಗುತ್ತೇನೆ ಎನ್ನದೆ "ಹೋಗಿ ಬರುತ್ತೇನೆ" ಎನ್ನುವ ಮನೆಯ ಮಕ್ಕಳಿಗೆ ಇದು ಕಷ್ಟವಲ್ಲ.

ತಾಯಂದಿರೇ, ನಿಮಗೆ ಇಂಗ್ಲಿಷ್ ಬಾರದೆಂದು ಹಿಂದೆ ಸರಿಯಬೇಡಿ. ವ್ಯಾಕರಣವನ್ನು ಅಧ್ಯಾಪಕರು ನೋಡಿಕೊಳ್ಳುತ್ತಾರೆ. ನೀವು ನೋಡಬೇಕಾದದ್ದು ನಾಲ್ಕು ವಿಷಯ. ಮಗು ಎದುರಿನವರ ಮುಖ ನೋಡಿ ಮಾತಾಡಿತೇ? ಧ್ವನಿ ಕೇಳಿಸಿತೇ? ಉತ್ತರ ಮುಗಿಯುವ ತನಕ ಕಾದಿತೇ? ಕೊನೆಗೆ ಕೃತಜ್ಞತೆ ಹೇಳಿತೇ? ಇವು ನಾಲ್ಕೂ ಯಾವ ಭಾಷೆಯಲ್ಲಾದರೂ ನಿಮಗೆ ತಿಳಿಯುತ್ತವೆ. ಇನ್ನೊಂದು ಮಾತು, ನೆರೆಯವರ ಎದುರಿಗೆ ತಿದ್ದಬೇಡಿ, ನಗಬೇಡಿ. ಎಲ್ಲರೆದುರು ಒಮ್ಮೆ ನಕ್ಕರೆ ಒಂದು ತಿಂಗಳ ಅಭ್ಯಾಸ ಕೊಚ್ಚಿಹೋಗುತ್ತದೆ.

ಈ ಜಿಲ್ಲೆಯಲ್ಲಿ ಪ್ರಶ್ನೆ ಕೇಳಲು ಬರುವುದು ಅಲಂಕಾರದ ವಿಷಯವಲ್ಲ. ಬಂಡೀಪುರದ ಕಾಡಿನೊಳಗಿನ ರಾಷ್ಟ್ರೀಯ ಹೆದ್ದಾರಿ 766ರಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರ ವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಕೆಲವೇ ಬಸ್ಸುಗಳಿಗೆ, ಆಂಬುಲೆನ್ಸುಗಳಿಗೆ ಮಾತ್ರ ರಿಯಾಯಿತಿ. ಬತ್ತೇರಿಯಲ್ಲಿ ನಿಂತ ಮಗು "ಎಕ್ಸ್‌ಕ್ಯೂಸ್ ಮಿ, ಕುಡ್ ಯು ಟೆಲ್ ಮಿ ವೆನ್ ದಿ ಲಾಸ್ಟ್ ಬಸ್ ಟು ಗುಂಡ್ಲುಪೇಟೆ ಲೀವ್ಸ್?" ಎಂದು ಕೇಳಲಾರದೆ ಹೋದರೆ ರಾತ್ರಿ ಅಲ್ಲಿಯೇ ಕಳೆಯಬೇಕಾದೀತು. ಕಾಡಂಚಿನಲ್ಲಿ, ಎದುರಿನಿಂದ ಬಂದ ಹೊರಊರಿನವರನ್ನು "ಡು ಯು ನೋ ಇಫ್ ದಿ ಎಲಿಫೆಂಟ್ಸ್ ಆರ್ ಸ್ಟಿಲ್ ಆನ್ ದಿ ರೋಡ್?" ಎಂದು ಕೇಳುವುದು ಜೀವದ ಪ್ರಶ್ನೆ.

2024ರ ಜುಲೈ 30ರ ನಸುಕನ್ನು ನಿಮಗೆ ನಾನು ನೆನಪಿಸಬೇಕಾಗಿಲ್ಲ. ಮುಂಡಕ್ಕೈ, ಚೂರಲ್ಮಲ ಮಣ್ಣಿನಡಿ ಹೋದಾಗ ಎಲ್ಲೆಲ್ಲಿಂದಲೋ ಜನ ನೆರವಿಗೆ ಬಂದರು. ಬೆಂಗಳೂರಿನಲ್ಲಿ ನೆಲೆಯಿರುವ ಮದ್ರಾಸ್ ಎಂಜಿನಿಯರ್ ಗ್ರೂಪಿನ ಯೋಧರು ಚೂರಲ್ಮಲದಲ್ಲಿ 190 ಅಡಿ ಉದ್ದದ ಬೈಲಿ ಸೇತುವೆ ಕಟ್ಟಿ ಆಗಸ್ಟ್ 1ಕ್ಕೆ ಮುಗಿಸಿದರು. ಅಂಥ ದಿನಗಳಲ್ಲಿ ಎದುರಿಗೆ ನಿಂತ ಸೈನಿಕನ, ವೈದ್ಯರ, ಸ್ವಯಂಸೇವಕರ ಭಾಷೆ ಯಾವುದೆಂದು ಮೊದಲೇ ತಿಳಿಯುವುದಿಲ್ಲ. "ಕ್ಯಾನ್ ಯು ಹೆಲ್ಪ್ ಅಸ್, ಪ್ಲೀಸ್?" ಎಂದು ಕೇಳಲೂ, "ಡು ಯು ನೀಡ್ ಎನಿ ಹೆಲ್ಪ್?" ಎಂದು ವಿಚಾರಿಸಲೂ ಬರುವ ಮಗು ತನಗೂ ನೆರೆಯವರಿಗೂ ಆಸರೆಯಾಗುತ್ತದೆ.

ಕೊನೆಗೆ ಒಂದು ಎಚ್ಚರಿಕೆಯ ಮಾತು. ಇಂಗ್ಲಿಷಿನಲ್ಲಿ ನಯವಾಗಿ ಕೇಳಲು ಬಂದ ಮೇಲೆ, ಕನ್ನಡದಲ್ಲಿ ಕೇಳುವ ಹಕ್ಕನ್ನು ಬಿಟ್ಟುಕೊಡಬೇಡಿ. ಯಾವುದೇ ಕುಂದುಕೊರತೆಯ ಪರಿಹಾರಕ್ಕಾಗಿ ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಕೇಂದ್ರದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸಲು ಪ್ರತಿಯೊಬ್ಬರಿಗೂ ಸಂವಿಧಾನದ 350ನೆಯ ವಿಧಿ ಹಕ್ಕು ಕೊಟ್ಟಿದೆ. ನೆರೆಯವರಲ್ಲಿ ಕರಿಬೇವು ಕೇಳುವುದು ವಿನಂತಿ, ಅವರು ಇಲ್ಲ ಎನ್ನಬಹುದು. ನಮ್ಮ ಮಕ್ಕಳಿಗೆ ಕನ್ನಡದ ಪುಸ್ತಕ, ಕನ್ನಡ ಬಲ್ಲ ಅಧ್ಯಾಪಕರು ಬೇಕೆಂದು ಕೇಳುವುದು ಹಕ್ಕಿನ ಮಾತು. ಅದನ್ನೂ ನಯವಾಗಿಯೇ ಕೇಳೋಣ, ಆದರೆ ಬಿಡದೆ ಕೇಳೋಣ. ಈ ಎರಡರ ವ್ಯತ್ಯಾಸ ಮಕ್ಕಳಿಗೂ ತಿಳಿಯಲಿ.

ಈಗ ನನ್ನ ಜೊತೆ ನಡೆದು ಬಂದ ತಂದೆಗೆ ಉತ್ತರ ಹೇಳುತ್ತೇನೆ. ಸ್ವಾಮೀ, ನಿಮ್ಮ ಮಗಳನ್ನು ಈ ಜೂನ್‌ನಲ್ಲಿ ಅದೇ ಕನ್ನಡ ಶಾಲೆಗೆ ಕಳುಹಿಸಿ. ಜೂನ್‌ಗೆ ಮುಂಚೆ, ನಾಳೆ ಸಂಜೆಯೇ, ಅವಳನ್ನು ನೆರೆಮನೆಯ ಜಗಲಿಗೆ ಕಳುಹಿಸಿ. ನೀವು ಅವಳ ಹಿಂದೆ ನಿಲ್ಲಿ, ಅವಳು ಮುಂದೆ ನಿಂತು ಕೇಳಲಿ. ಮೊದಲ ದಿನ "ಪ್ಲೀಸ್" ಒಂದೇ ಮಾತು ಬಂದರೂ ಸಾಕು. ವಿನಯವನ್ನು ನೀವು ಆಗಲೇ ಕಲಿಸಿದ್ದೀರಿ, ಕನ್ನಡದಲ್ಲಿ ಕಲಿಸಿದ್ದೀರಿ. ಅದರ ಮೇಲೆ ಇಂಗ್ಲಿಷ್ ನಿಲ್ಲುತ್ತದೆ.